ಗೇಜ್ ಹೇಳಿದ್ದು 13.6, ಲ್ಯಾಪ್‌ಟಾಪ್ ಹೇಳಿದ್ದು 12.8

ಗಾಡಿ ಬಂದಿದ್ದು ಟ್ರೇಲರ್ ಮೇಲೆ. ತಂದವನು ತಿಪಟೂರಿನ ಹುಡುಗ, ಮನೆಯದು ಕೊಬ್ಬರಿ ವ್ಯಾಪಾರ. ಗಾಡಿ ಮಾರುತಿ ಎಸ್ಟೀಮ್. ಒಳಗೆ ಜಿ13ಬಿಬಿ ಎಂಜಿನ್, 1298 ಸಿಸಿ, 16 ವಾಲ್ವ್. ಆಟೊಕ್ರಾಸ್‌ಗೆ, ಅಂದರೆ ಮಣ್ಣಿನ ಟ್ರ್ಯಾಕ್ ಮೇಲಿನ ಕಾರ್ ಸ್ಪರ್ಧೆಗೆ, ಅಂತಲೇ ಇಟ್ಟಿರೋದು, ರಸ್ತೆಗೆ ಇಳಿಯೋದಿಲ್ಲ. ಕಂಪನಿ ಕೊಟ್ಟ ಗಾಡಿಯನ್ನು ಹೀಗೆಲ್ಲ ಬದಲಿಸಿ ರಸ್ತೆಯಲ್ಲಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಹುಡುಗನಿಗೆ ಅದು ಗೊತ್ತಿತ್ತು. ಅದಕ್ಕೇ ಟ್ರೇಲರ್.

ನನ್ನ ಶೆಡ್ ಇರೋದು ತುಮಕೂರಿನ ಅಂತರಸನಹಳ್ಳಿ ಕಡೆ. ಹೊರಗಿನ ಇಸಿಯು (ಎಂಜಿನ್‌ಗೆ ಎಷ್ಟು ಪೆಟ್ರೋಲ್ ಕೊಡಬೇಕು ಅಂತ ಲೆಕ್ಕ ಹಾಕುವ ಕಂಪ್ಯೂಟರ್) ಹಾಕಿದ ಗಾಡಿ ತಿಂಗಳಿಗೆ ಒಂದೋ ಎರಡೋ ಬರುತ್ತವೆ. ಇದರಲ್ಲಿ ಹಾಕಿದ್ದು ಸ್ಪೀಡುಯಿನೊ. ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ನಡೆಯುವ ಓಪನ್ ಸೋರ್ಸ್ ಇಸಿಯು ಅದು. ಸೆಟ್ಟಿಂಗ್ ಎಲ್ಲ ಲ್ಯಾಪ್‌ಟಾಪಿನ ಟ್ಯೂನರ್‌ಸ್ಟುಡಿಯೊ ಸಾಫ್ಟ್‌ವೇರ್‌ನಲ್ಲಿ. ಅದರಲ್ಲಿ ಆಟೊಟ್ಯೂನ್ ಅಂತ ಒಂದಿದೆ: ಸೆನ್ಸರ್‌ನ ಅಂಕಿ ನಾವು ಕೊಟ್ಟ ಟಾರ್ಗೆಟ್‌ಗೆ ಬರುವವರೆಗೆ ಪೆಟ್ರೋಲ್ ಲೆಕ್ಕವನ್ನು ತಾನೇ ತಿದ್ದುತ್ತಾ ಹೋಗುತ್ತದೆ. ಕಂಪನಿ ಇಸಿಯು ಕೆಟ್ಟಿತ್ತು, ಹಳೇದೊಂದು ಹುಡುಕುವ ಬದಲು ಇದನ್ನೇ ಹಾಕಿಕೊಂಡೆ ಅಂದ. ಜೊತೆಗೆ ಪೆಟ್ರೋಲ್ ಸಿಂಪಡಿಸುವ ದೊಡ್ಡ ಇಂಜೆಕ್ಟರ್, ಹೊಗೆ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣ ಹೇಳುವ ಹೊಸ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್, ಡ್ಯಾಶ್‌ಬೋರ್ಡಿನಲ್ಲಿ ಅದರ ಗೇಜ್. ವೈರಿಂಗ್ ಮಾತ್ರ ಬಹಳ ನೀಟಾಗಿತ್ತು. ಅದನ್ನು ಅವನಿಗೆ ಹೇಳಿದೆ ಕೂಡ.

"ಅಣ್ಣಾ, ಎರಡು ದಿನ ಆಟೊಟ್ಯೂನ್ ಓಡಿಸಿದೀನಿ. ಟಾರ್ಗೆಟ್‌ಗೆ ಸರಿಯಾಗಿ ಕೂತಿದೆ. ಆದ್ರೂ ಎಳೀತಿಲ್ಲ. ಫುಲ್ ಥ್ರಾಟಲ್ ಕೊಟ್ರೆ ಕಟಕಟ ಅನ್ನುತ್ತೆ. ಫ್ಯಾನ್ ಆನ್ ಆದ್ರೆ ಐಡ್ಲಿಂಗ್ ಬೀಳುತ್ತೆ."

"ಟಾರ್ಗೆಟ್‌ಗೆ ಎಲ್ಲಿ ಕೂತಿದೆ? ಗಾಡೀಲೋ, ಸ್ಕ್ರೀನಲ್ಲೋ?" ಅಂದೆ. ನಕ್ಕ. ತಮಾಷೆಗೆ ಅಂದಿದ್ದೆ. ಕೊನೆಗೆ ರೋಗ ಇದ್ದಿದ್ದು ಅಲ್ಲೇ.

ಇನ್ನೊಂದು ದೂರೂ ಇತ್ತು. ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಕೆಟ್ಟಿದೆ, ಎಷ್ಟು ಒತ್ತಿದರೂ 100 ಕಿಲೊಪಾಸ್ಕಲ್ ಮುಟ್ಟುತ್ತಿಲ್ಲ, 92ಕ್ಕೇ ನಿಲ್ಲುತ್ತದೆ ಅಂತ. ಅದು ಕೆಟ್ಟಿರಲಿಲ್ಲ. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡವೇ 92ರ ಆಸುಪಾಸು. ಟರ್ಬೊ ಇಲ್ಲದ ಎಂಜಿನ್ ಅದಕ್ಕಿಂತ ಮೇಲೆ ಹೋಗೋದು ಹೇಗೆ? ಚೆನ್ನೈ ಕಡೆಯವರ ಸ್ಕ್ರೀನ್‌ಶಾಟ್ ನೋಡಿ ಹೋಲಿಸಿಕೊಂಡಿದ್ದ. ಹೊಸ ಸೆನ್ಸರ್‌ನ ದುಡ್ಡು ಉಳಿಯಿತು.

ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟೆ. ಮೊದಲ ಮೂರು ತಿಳಿ ಬೂದು. ನಾಲ್ಕನೆಯದು ಸುಣ್ಣ ಬಳಿದ ಹಾಗೆ ಬೆಳ್ಳಗೆ. ಲೋಡ್‌ನಲ್ಲಿ, ಅಂದರೆ ಎಂಜಿನ್ ಜೋರಾಗಿ ಎಳೆಯುವಾಗ, ಮಿಕ್ಸ್ಚರ್ ಲೀನ್ ಆಗಿದೆ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ; ಇದರ ಉಲ್ಟಾ ರಿಚ್), ನಾಲ್ಕನೇ ಸಿಲಿಂಡರ್‌ನಲ್ಲಂತೂ ಜಾಸ್ತಿ ಲೀನ್. ಪ್ಲಗ್ ಇಷ್ಟು ಹೇಳುತ್ತಿದ್ದರೆ ಲ್ಯಾಪ್‌ಟಾಪ್ ಬರೆದಿಟ್ಟ ಲಾಗ್ ಬೇರೆಯದನ್ನೇ ಹೇಳುತ್ತಿತ್ತು. ಅದರಲ್ಲಿ ಫುಲ್ ಥ್ರಾಟಲ್‌ನಲ್ಲಿ ಎಎಫ್‌ಆರ್ 12.8, ಅಂದರೆ ತೂಕದಲ್ಲಿ ಒಂದು ಭಾಗ ಪೆಟ್ರೋಲಿಗೆ 12.8 ಭಾಗ ಗಾಳಿ. ಇಂಥ ಎಂಜಿನ್‌ಗೆ ಲೋಡ್‌ನಲ್ಲಿ ಅದು ಒಳ್ಳೆಯ ಅಂಕಿ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ನಾನು ಯಾವಾಗಲೂ ಪ್ಲಗ್ ಪಕ್ಷ.

ಇಲ್ಲಿ ಅರ್ಧ ದಿನ ಹಾಳು ಮಾಡಿಕೊಂಡಿದ್ದು ನಾನೇ. ಸೈಲೆನ್ಸರ್ ಲೀಕ್ ಇರಬೇಕು ಅಂದುಕೊಂಡೆ. ಆಕ್ಸಿಜನ್ ಸೆನ್ಸರ್ ಅಳೆಯೋದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು. ಪೆಟ್ರೋಲ್ ಅದಕ್ಕೆ ಕಾಣೋದಿಲ್ಲ. ಸೆನ್ಸರ್‌ಗಿಂತ ಮುಂಚೆ ಎಲ್ಲಾದರೂ ಸಂದಿಯಿಂದ ಹೊರಗಿನ ಗಾಳಿ ಒಳಗೆ ಬಂದರೆ ಇಲ್ಲದ ಲೀನ್ ತೋರಿಸುತ್ತದೆ. ಪ್ಲಗ್ ಮಿಸ್ ಹೊಡೆದರೂ ಅಷ್ಟೇ, ಸುಡದೆ ಉಳಿದ ಆಮ್ಲಜನಕ ಸೀದಾ ಸೆನ್ಸರ್‌ಗೆ ಹೋಗುತ್ತದೆ. ಊದುಬತ್ತಿ ಹಚ್ಚಿ, ಎಂಜಿನ್‌ನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಸುತ್ತ ಹಿಡಿದೆವು. ಎರಡನೇ ಪೋರ್ಟ್ ಹತ್ತಿರ ಹೊಗೆ ಒಳಗೆಳೆದುಕೊಂಡು ಹೋಯಿತು. ಗ್ಯಾಸ್ಕೆಟ್ ಬದಲಿಸಿದೆವು. ಐಡ್ಲಿಂಗ್‌ನ ಅಂಕಿ ಸ್ವಲ್ಪ ಇಳಿಯಿತು. ಲೋಡ್‌ನಲ್ಲಿ ಒಂದು ಚೂರೂ ವ್ಯತ್ಯಾಸ ಇಲ್ಲ. ಯೋಚನೆ ಮಾಡಿದ್ದರೆ ಮೊದಲೇ ಹೊಳೆಯಬೇಕಿತ್ತು. ಲೋಡ್‌ನಲ್ಲಿ ಸೈಲೆನ್ಸರ್ ಒಳಗೆ ಒತ್ತಡ ಜಾಸ್ತಿ, ಅಲ್ಲಿ ಸಂದಿಯಿಂದ ಹೊಗೆ ಹೊರಗೆ ಬರುತ್ತದೆಯೇ ಹೊರತು ಗಾಳಿ ಒಳಗೆ ಹೋಗೋದು ಕಷ್ಟ. ಮೇಲಾಗಿ ಲೀಕ್ ಇದ್ದಿದ್ದರೆ ಸ್ಕ್ರೀನ್ ಲೀನ್ ತೋರಿಸಿ, ಆಟೊಟ್ಯೂನ್ ಪೆಟ್ರೋಲ್ ಜಾಸ್ತಿ ಮಾಡಿ, ಪ್ಲಗ್ ಕಪ್ಪಗಾಗಬೇಕಿತ್ತು. ಇಲ್ಲಿ ಆಗಿದ್ದು ಉಲ್ಟಾ.

ಮಾರನೇ ದಿನ ಗಾಡಿಯನ್ನು ಶಿರಾ ಕಡೆ ಹುಡುಗನ ಮಾವನ ಜಮೀನಿಗೆ ತೆಗೆದುಕೊಂಡು ಹೋದೆವು. ಕಡಲೆಕಾಯಿ ಕಿತ್ತು ಖಾಲಿ ಬಿಟ್ಟ ಹೊಲ. ಅಂಚಿನಲ್ಲಿ ಇವನೇ ಹದ ಮಾಡಿಕೊಂಡ ಮಣ್ಣಿನ ಟ್ರ್ಯಾಕ್. ಅವನು ಓಡಿಸಿದ, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತೆ. ಮೂರನೇ ಗೇರ್, ಫುಲ್ ಥ್ರಾಟಲ್. ಸ್ಕ್ರೀನ್ 12.8. ತಲೆ ಎತ್ತಿ ಡ್ಯಾಶ್‌ಬೋರ್ಡ್ ನೋಡಿದೆ. ಗೇಜ್ 13.6.

"ನಿಲ್ಲಿಸು, ಸಾಕು" ಅಂದೆ.

ಒಂದೇ ಸೆನ್ಸರ್, ಒಂದೇ ಕಂಟ್ರೋಲರ್. ಎರಡು ಅಂಕಿ. ಹುಡುಗ ಇದನ್ನು ನೋಡಿರಲಿಲ್ಲವಾ? ನೋಡಿದ್ದ. ಆದರೆ ನೋಡಿದ್ದು ಶೆಡ್‌ನಲ್ಲಿ, ಐಡ್ಲಿಂಗ್‌ನಲ್ಲಿ. ಅಲ್ಲಿ ಗೇಜ್ 14.7, ಲ್ಯಾಪ್‌ಟಾಪ್ 14.4. ಅಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತೆ ಅಂತ ಬಿಟ್ಟಿದ್ದ. ಯಾರಾದರೂ ಬಿಡುತ್ತಿದ್ದರು.

ಇದರ ಒಳಗುಟ್ಟು ಇಷ್ಟು. ಕಂಪನಿ ಗಾಡಿಗಳ ಹಳೇ ಮಾದರಿ ಆಕ್ಸಿಜನ್ ಸೆನ್ಸರ್ ನ್ಯಾರೊಬ್ಯಾಂಡ್. ಅದು ಸುಮಾರು 0.1ರಿಂದ 0.9 ವೋಲ್ಟ್ ಒಳಗೆ ಆಡುತ್ತದೆ. 0.45ಕ್ಕಿಂತ ಮೇಲಾದರೆ ರಿಚ್, ಕೆಳಗಾದರೆ ಲೀನ್. ಎಷ್ಟು ರಿಚ್, ಎಷ್ಟು ಲೀನ್ ಅಂತ ನಂಬುವಂತೆ ಹೇಳೋದು ಅದರ ಕೈಲಿ ಆಗೋದಿಲ್ಲ. ಟ್ಯೂನಿಂಗ್‌ಗೆ ಬೇಕಾಗೋದು ವೈಡ್‌ಬ್ಯಾಂಡ್. ಇವನ ಗಾಡಿಯಲ್ಲಿದ್ದದ್ದು ಬಾಷ್ ಎಲ್‌ಎಸ್‌ಯು 4.9. ಅದನ್ನು ನೇರವಾಗಿ ಇಸಿಯುಗೆ ಕೊಡೋಕೆ ಬರೋದಿಲ್ಲ. ನಡುವೆ ಒಂದು ಕಂಟ್ರೋಲರ್ ಬೇಕು. ಅದು ಸೆನ್ಸರ್‌ನ ತುದಿಯನ್ನು ಸುಮಾರು 780 ಡಿಗ್ರಿಗೆ ಕಾಯಿಸಿ ಹಿಡಿದು, ಅಳತೆ ಮಾಡಿ, ಇಸಿಯುಗೆ 0ರಿಂದ 5 ವೋಲ್ಟ್ ಒಳಗೆ ಒಂದು ಸಂಕೇತ ಕೊಡುತ್ತದೆ. ತಕರಾರು ಇಲ್ಲೇ. ಯಾವ ವೋಲ್ಟಿಗೆ ಯಾವ ಎಎಫ್‌ಆರ್ ಅನ್ನೋದು ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಎಇಎಂನ ಹಳೇ ಗೇಜ್‌ನಲ್ಲಿ 0 ವೋಲ್ಟ್ ಅಂದರೆ 10, 5 ವೋಲ್ಟ್ ಅಂದರೆ 20. ಇನ್ನೋವೇಟ್‌ನವರದು 0 ವೋಲ್ಟಿಗೆ 7.35, 5 ವೋಲ್ಟಿಗೆ 22.39. ಎರಡೂ ಸರಿ, ತಮ್ಮ ತಮ್ಮ ಪಾಡಿಗೆ.

ಇವನ ಗೇಜ್ 10–20ರ ಜಾತಿ. ಟ್ಯೂನರ್‌ಸ್ಟುಡಿಯೊದ ಪಟ್ಟಿಯಲ್ಲಿ ಇವನು ಆರಿಸಿದ್ದು 7.35–22.39. ಹಳೇ ಗಾಡಿಯ ಫೈಲ್ ಸ್ನೇಹಿತನಿಂದ ತಂದು ಅದನ್ನೇ ತಿದ್ದಿಕೊಂಡಿದ್ದ, ಆ ಸ್ನೇಹಿತನ ಗೇಜ್ ಬೇರೆ. ಈಗ ಲೆಕ್ಕ ನೋಡಿ. ನಿಜವಾದ ಎಎಫ್‌ಆರ್ 13.6 ಇದ್ದಾಗ ಗೇಜ್ 1.8 ವೋಲ್ಟ್ ಕಳಿಸುತ್ತದೆ. ಇಸಿಯು ಅದನ್ನು ತನ್ನ ತಪ್ಪು ಪಟ್ಟಿಯಲ್ಲಿ ಹುಡುಕಿ 12.8 ಅಂತ ಓದುತ್ತದೆ. ಎರಡು ಗೆರೆಗಳೂ 15.3ರ ಹತ್ತಿರ ಒಂದನ್ನೊಂದು ದಾಟುತ್ತವೆ. ಹಾಗಾಗಿ ಐಡ್ಲಿಂಗ್‌ನಲ್ಲಿ ತಪ್ಪು ಅಷ್ಟಾಗಿ ಕಾಣೋದಿಲ್ಲ. ರಿಚ್ ಕಡೆ ಹೋದಷ್ಟೂ ಅಂತರ ಬೆಳೆಯುತ್ತದೆ. ಅಂದರೆ ಎಂಜಿನ್‌ಗೆ ಅಪಾಯ ಇರುವ ಜಾಗದಲ್ಲೇ ಸುಳ್ಳು ದೊಡ್ಡದು. ಆಟೊಟ್ಯೂನ್ ಪಾಪ ಏನು ಮಾಡುತ್ತೆ? 12.8 ತರಬೇಕು ಅಂತ ಹೇಳಿದ್ದಾರೆ, ಪೆಟ್ರೋಲ್ ಕಡಿಮೆ ಮಾಡುತ್ತಾ ಮಾಡುತ್ತಾ ತಂದಿದೆ. ಎರಡು ದಿನ ಶ್ರದ್ಧೆಯಿಂದ ಎಂಜಿನ್ ಅನ್ನು ಲೀನ್ ಮಾಡಿದೆ.

ಪಟ್ಟಿಯಲ್ಲಿದ್ದ ಹೆಸರುಗಳನ್ನು ಬಿಟ್ಟು, ಕಸ್ಟಮ್ ಲೀನಿಯರ್ ಆರಿಸಿ ಎರಡು ಬಿಂದು ಕೈಯಾರೆ ಬರೆದೆ: 0 ವೋಲ್ಟಿಗೆ 10, 5 ವೋಲ್ಟಿಗೆ 20. ಆಮೇಲೆ ಮೂರು ಜಾಗದಲ್ಲಿ ಗೇಜನ್ನೂ ಸ್ಕ್ರೀನನ್ನೂ ಹೋಲಿಸಿದೆವು. 12.5ರ ಹತ್ತಿರ, 14.7ರ ಹತ್ತಿರ, ಥ್ರಾಟಲ್ ಬಿಟ್ಟಾಗ 17ರ ಹತ್ತಿರ. ಮೂರೂ ಕಡೆ ಕೂತಿತು. ಒಂದೇ ಜಾಗದಲ್ಲಿ ಹೋಲಿಸಿ ಎದ್ದು ಹೋದರೆ ಇವನಿಗಾದದ್ದೇ ಆಗೋದು.

ಕೂತಿತು ಅಂದೆನಲ್ಲ, ಅದು ಹಗಲಲ್ಲಿ. ಸಂಜೆ ಹೆಡ್‌ಲೈಟ್ ಹಾಕಿ ಫ್ಯಾನ್ ಓಡುತ್ತಿದ್ದಾಗ ಸ್ಕ್ರೀನ್ ಮತ್ತೆ ಗೇಜಿಗಿಂತ 0.24 ಮೇಲೆ ಹೋಯಿತು. ಇದು ಅರ್ಥ್ ಕಥೆ. ಇಸಿಯು ಅರ್ಥ್ ಎಂಜಿನ್ ಬ್ಲಾಕ್‌ಗೆ ಇತ್ತು, ಗೇಜ್ ಅರ್ಥ್ ಡ್ಯಾಶ್‌ಬೋರ್ಡ್ ಕೆಳಗಿನ ಬಾಡಿ ಸ್ಕ್ರೂಗೆ. ಎರಡರ ನಡುವಿನ ಅರ್ಥ್ ಪಟ್ಟಿ ತುಕ್ಕು ತಿಂದಿತ್ತು. ಮಲ್ಟಿಮೀಟರ್ ಹಿಡಿದರೆ ಬಾಡಿಗೂ ಬ್ಲಾಕ್‌ಗೂ 0.12 ವೋಲ್ಟ್ ವ್ಯತ್ಯಾಸ. ಒಂದು ವೋಲ್ಟಿಗೆ ಎರಡು ಎಎಫ್‌ಆರ್ ಲೆಕ್ಕದಲ್ಲಿ 0.12ಕ್ಕೆ ಸರಿಯಾಗಿ 0.24. ಇಂಥ ಲೆಕ್ಕ ಕೂಡಿದಾಗ ಒಂದು ಥರ ಖುಷಿ ಆಗುತ್ತೆ, ಅಲ್ವಾ? ಪಟ್ಟಿ ಹೊಸದು ಹಾಕಿ, ಗೇಜ್ ಅರ್ಥನ್ನೂ ಇಸಿಯು ಅರ್ಥ್ ಇದ್ದ ಅದೇ ಬೋಲ್ಟಿಗೆ ತಂದೆವು. ವ್ಯತ್ಯಾಸ ಹೋಯಿತು.

ಸೆನ್ಸರ್ ಕೂರಿಸಿದ್ದ ಜಾಗ ಚೆನ್ನಾಗಿಯೇ ಇತ್ತು. ತಲೆ ಮೇಲಕ್ಕೆ ಓರೆಯಾಗಿ ಇತ್ತು, ನೀರು ನಿಲ್ಲೋದಿಲ್ಲ. ಒಂದೇ ತಪ್ಪು ಅಂದರೆ, ಗೇಜಿಗೆ ಬೇರೆ ಸ್ವಿಚ್ ಇಟ್ಟುಕೊಂಡಿದ್ದ, ಬೇಡವಾದಾಗ ಆಫ್ ಮಾಡೋಕೆ. ಹೀಟರ್ ಆಫ್ ಆದ ಸೆನ್ಸರ್ ಹೊಗೆಯಲ್ಲಿ ಹಾಗೇ ಇದ್ದರೆ ಮಸಿ ಕಟ್ಟಿ ಬೇಗ ಸಾಯುತ್ತದೆ. ಸ್ವಿಚ್ ಕಿತ್ತು ಹಾಕಿದೆ.

ಇನ್ನೊಂದು ಮಾತು. ಈಗ ಬಂಕ್‌ನಲ್ಲಿ ಸಿಗೋದು ಇ20, ಅಂದರೆ ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿಗೆ ಸಮತೂಕದ (ಪೂರ್ತಿ ಸುಡೋಕೆ ಸರಿಯಾಗಿ ಬೇಕಾದಷ್ಟೇ ಗಾಳಿಯ) ಎಎಫ್‌ಆರ್ 14.7 ಆದರೆ ಇ20ಗೆ ಸುಮಾರು 13.5. ಆದರೂ ಗೇಜ್ ಸಮತೂಕಕ್ಕೆ ಬಂದಾಗ 14.7 ಅಂತಲೇ ತೋರಿಸುತ್ತದೆ. ಅದು ನಿಜಕ್ಕೂ ಅಳೆಯೋದು ಲ್ಯಾಂಬ್ಡಾ, ಅಂದರೆ ಗಾಳಿ ಸಮತೂಕದ ಎಷ್ಟು ಪಟ್ಟು ಇದೆ ಅನ್ನೋದು; ಅದನ್ನು ಸುಮ್ನೆ 14.7ರಿಂದ ಗುಣಿಸಿ ತೋರಿಸುತ್ತದೆ. ಅದಕ್ಕೇ ಟಾರ್ಗೆಟ್ ಎಲ್ಲ ಲ್ಯಾಂಬ್ಡಾದಲ್ಲೇ ಯೋಚಿಸು ಅಂತ ಹುಡುಗನಿಗೆ ಹೇಳಿದೆ. ಐಡ್ಲಿಂಗ್ 1.00, ಫುಲ್ ಲೋಡ್ 0.87. ಯಾವ ಬಂಕ್‌ನ ಪೆಟ್ರೋಲ್ ಆದರೂ ಅದೇ.

ಇಷ್ಟಕ್ಕೇ ಕೆಲಸ ಮುಗಿಸಿ ಮತ್ತೆ ಆಟೊಟ್ಯೂನ್ ಓಡಿಸಬಹುದಿತ್ತು. ಹುಡುಗನೂ ಅದನ್ನೇ ಕೇಳಿದ. ಆದರೆ ಅವನ ವಿಇ ಟೇಬಲ್ ನೋಡಿದಾಗಿನಿಂದ ನನಗೆ ಸಮಾಧಾನ ಇರಲಿಲ್ಲ. ವಿಇ ಅಂದರೆ ಸಿಲಿಂಡರ್ ಎಷ್ಟರಮಟ್ಟಿಗೆ ಗಾಳಿ ತುಂಬಿಕೊಳ್ಳುತ್ತದೆ ಅನ್ನುವ ಶೇಕಡಾ ಅಂಕಿ. ಇಸಿಯು ಪೆಟ್ರೋಲ್ ಲೆಕ್ಕ ಹಾಕೋದು ಇದರಿಂದ, ಆಟೊಟ್ಯೂನ್ ತಿದ್ದೋದೂ ಇದನ್ನೇ. ಇಂಥ ಎಂಜಿನ್‌ನಲ್ಲಿ ಐಡ್ಲಿಂಗ್‌ಗೆ 45–50, ಲೋಡ್‌ಗೆ 85 ಬಂದರೆ ನಂಬಬಹುದು. ಇವನದರಲ್ಲಿ ಐಡ್ಲಿಂಗ್ 23, ಅರ್ಧ ಲೋಡ್ 52, ಪೂರ್ತಿ ಲೋಡ್ 79. ಐಡ್ಲಿಂಗ್ ಜಾಗದಲ್ಲಿ ಬಾವಿ ತೋಡಿದ ಹಾಗಿತ್ತು. 23 ಅನ್ನೋದು ಎಂಜಿನ್‌ನ ಗುಣ ಅಲ್ಲ. ಬೇರೆ ಎಲ್ಲೋ ಆದ ತಪ್ಪನ್ನು ಆಟೊಟ್ಯೂನ್ ಇಲ್ಲಿ ತುಂಬಿಕೊಂಡಿದೆ. ಹೀಗೆ ಕೆಳಗೆ ಮಾತ್ರ ಕುಸಿದಿದ್ದರೆ ನಾನು ಮೊದಲು ನೋಡೋದು ಇಂಜೆಕ್ಟರ್ ಡೆಡ್ ಟೈಮ್.

ಇಂಜೆಕ್ಟರ್‌ಗೆ ಕರೆಂಟ್ ಕೊಟ್ಟ ಕ್ಷಣವೇ ಅದು ತೆರೆಯೋದಿಲ್ಲ. ಸೂಜಿ ಏಳೋಕೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕು. ಆ ಹೊತ್ತು ಪೆಟ್ರೋಲ್ ಬರೋದಿಲ್ಲ, ಸುಮ್ನೆ ವ್ಯರ್ಥ. ಇಸಿಯು ಪ್ರತಿ ಸಲವೂ ಅಷ್ಟು ಹೊತ್ತನ್ನು ಸೇರಿಸಿ ಕೊಡಬೇಕು. ಲೋಡ್‌ನಲ್ಲಿ ಏಳೆಂಟು ಮಿಲಿಸೆಕೆಂಡ್ ತೆರೆದಿರುವಾಗ ಇದರಲ್ಲಿ ಅರ್ಧ ಮಿಲಿಸೆಕೆಂಡ್ ಹೆಚ್ಚುಕಮ್ಮಿ ಆದರೂ ನಡೆದುಹೋಗುತ್ತದೆ. ಐಡ್ಲಿಂಗ್‌ನಲ್ಲಿ ಬೇಕಾಗೋದೇ ಒಂದೂವರೆ ಮಿಲಿಸೆಕೆಂಡ್. ಅಲ್ಲಿ ಅರ್ಧ ತಪ್ಪಿದರೆ ಪೂರ್ತಿ ಕೆಟ್ಟ ಹಾಗೆ. ಅದರ ಮೇಲೆ ಇವನು ಎಂಜಿನ್‌ನ ಪ್ರತಿ ಸೈಕಲ್‌ಗೆ (ಎರಡು ಸುತ್ತಿಗೆ) ಎರಡು ಸಲ ಸಿಂಪಡಿಸುವ ಸೆಟ್ಟಿಂಗ್ ಇಟ್ಟಿದ್ದ. ತಪ್ಪು ಎರಡು ಪಟ್ಟು.

"ಡೆಡ್ ಟೈಮ್ ಎಷ್ಟು ಹಾಕಿದೀಯ?"

"1.4 ಅಣ್ಣ. ವಿಡಿಯೊದಲ್ಲಿ ಹಾಗೇ ಇತ್ತು."

"ಇಂಜೆಕ್ಟರ್ ಎಷ್ಟು ಸಿಸಿ?"

"270. ಕವರ್ ಮೇಲೆ ಬರೆದಿತ್ತು."

ನಾಲ್ಕೂ ಬಿಚ್ಚಿಕೊಂಡು ಬಿ.ಎಚ್. ರೋಡ್ ಪಕ್ಕದ ಗಲ್ಲಿಯಲ್ಲಿ ಇಂಜೆಕ್ಟರ್ ಕ್ಲೀನಿಂಗ್ ಮಾಡುವವರ ಹತ್ತಿರ ಹೋದೆವು. ಅವರ ಹತ್ತಿರ ಗಾಜಿನ ಅಳತೆ ಕೊಳವೆ ಇರುವ ಟೆಸ್ಟ್ ಮಷೀನ್ ಇದೆ. ಮೊದಲು ಮಲ್ಟಿಮೀಟರ್‌ನಲ್ಲಿ ರೆಸಿಸ್ಟೆನ್ಸ್ ನೋಡಿದೆವು. ನಾಲ್ಕೂ 14 ಓಮ್ ಆಸುಪಾಸು. ಒಳ್ಳೆಯದಾಯಿತು. ಎರಡು ಮೂರು ಓಮ್‌ನವು ಆಗಿದ್ದರೆ ಈ ಬೋರ್ಡಿಗೆ ನೇರವಾಗಿ ಹಾಕುವಂತಿಲ್ಲ, ಬೋರ್ಡಿನ ಟ್ರಾನ್ಸಿಸ್ಟರ್ ಸುಡುತ್ತದೆ.

3 ಬಾರ್ ಒತ್ತಡದಲ್ಲಿ ಒಂದು ನಿಮಿಷದ ಲೆಕ್ಕಕ್ಕೆ ಬಂದದ್ದು 238, 241, 239, 219 ಸಿಸಿ. 270 ಎಲ್ಲೂ ಇಲ್ಲ. ಕವರ್ ಮೇಲೆ ಒತ್ತಡ ಬರೆದಿರಲಿಲ್ಲ, ಅದೇ ಮೋಸ. ಹರಿವು ಒತ್ತಡದ ವರ್ಗಮೂಲದ ಹಾಗೆ ಏರುತ್ತದೆ. 3 ಬಾರ್‌ನಲ್ಲಿ 240 ಕೊಡುವ ಇಂಜೆಕ್ಟರ್ 3.8 ಬಾರ್‌ನಲ್ಲಿ 270 ಕೊಡುತ್ತದೆ. ಒತ್ತಡ ಹೇಳದ ಸಿಸಿ ಅಂಕಿಗೆ ಬೆಲೆ ಇಲ್ಲ. ಮತ್ತೆ ಆ 219, ಅದು ನಾಲ್ಕನೇ ಸಿಲಿಂಡರ್‌ನದು. ಬಿಳಿ ಪ್ಲಗ್‌ಗೆ ಕಾರಣ ಸಿಕ್ಕಿತು. ನಾಲ್ಕೂ ಸಿಲಿಂಡರ್‌ನ ಹೊಗೆ ಸೇರಿದ ಮೇಲೆ ಕೂತಿರುವ ಸೆನ್ಸರ್‌ಗೆ ಗೊತ್ತಾಗೋದು ಸರಾಸರಿ ಮಾತ್ರ. ಒಬ್ಬ ಉಪವಾಸ ಇದ್ದರೂ ಅದಕ್ಕೆ ತಿಳಿಯೋದಿಲ್ಲ. ಅಲ್ಟ್ರಾಸಾನಿಕ್ ಕ್ಲೀನಿಂಗ್ ಆದ ಮೇಲೆ 219 ಹೋಗಿ 236 ಆಯಿತು.

ಡೆಡ್ ಟೈಮನ್ನೂ ಅಲ್ಲೇ ಅಳೆದೆವು. ವಿಧಾನ ಸುಲಭ. ಎರಡನೇ ಇಂಜೆಕ್ಟರ್‌ಗೆ 3 ಮಿಲಿಸೆಕೆಂಡ್‌ನ 5000 ಪಲ್ಸ್ ಕೊಟ್ಟೆವು, 41 ಎಂಎಲ್ ಬಂತು. 6 ಮಿಲಿಸೆಕೆಂಡ್‌ನ 5000 ಪಲ್ಸ್‌ಗೆ 101 ಎಂಎಲ್. ಮೂರು ಮಿಲಿಸೆಕೆಂಡ್ ಹೆಚ್ಚಾದಾಗ 60 ಎಂಎಲ್ ಹೆಚ್ಚಾಯಿತು, ಅಂದರೆ ಮಿಲಿಸೆಕೆಂಡಿಗೆ 20. ಹಾಗಾದರೆ 41 ಎಂಎಲ್ ಬರೋಕೆ ಇಂಜೆಕ್ಟರ್ ನಿಜವಾಗಿ ತೆರೆದಿದ್ದು 2.05 ಮಿಲಿಸೆಕೆಂಡ್. ಮೂರರಲ್ಲಿ ಅದನ್ನು ಕಳೆದರೆ 0.95. ಅದೇ ಡೆಡ್ ಟೈಮ್. ಇಂಜೆಕ್ಟರ್ ಕನೆಕ್ಟರ್‌ನಲ್ಲಿ ಆಗ ಇದ್ದ ವೋಲ್ಟೇಜ್ 13.5, ಅದನ್ನೂ ಬರೆದುಕೊಂಡೆ. ವೋಲ್ಟೇಜ್ ಇಲ್ಲದೆ ಈ ಅಂಕಿಯೂ ಅರ್ಧಂಬರ್ಧವೇ.

ಹುಡುಗ ಕಾಗದದ ಮೇಲೆ ಲೆಕ್ಕ ಹಾಕುತ್ತಾ ಕೂತ. 1.4 ಹಾಕಿದ್ದರಿಂದ ಪ್ರತಿ ಸಿಂಪಡಣೆಗೆ 0.45 ಹೆಚ್ಚು, ಸೈಕಲ್‌ಗೆ 0.9. ಐಡ್ಲಿಂಗ್‌ಗೆ ಬೇಕಾದ 1.54ರಲ್ಲಿ 0.9 ಪುಕ್ಕಟೆಯಾಗಿ ಬರುತ್ತಿದೆ. ಉಳಿದ 0.64 ಬರುವ ಹಾಗೆ ವಿಇ 23ಕ್ಕೆ ಇಳಿದಿದೆ. "ಅಣ್ಣಾ, ಬಾವಿ ಸಿಕ್ತು" ಅಂದ.

ಒಂದು ಮಾತು ಅವನಿಗೆ ಹೇಳಿದೆ, ಇಷ್ಟ ಆಗಲಿಲ್ಲ. ಇಷ್ಟು ದೊಡ್ಡ ಇಂಜೆಕ್ಟರ್ ಈ ಎಂಜಿನ್‌ಗೆ ಬೇಕಿರಲಿಲ್ಲ. 85 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್‌ಗೆ, ಇಂಜೆಕ್ಟರ್ ನೂರಕ್ಕೆ 80 ಭಾಗ ಹೊತ್ತು ತೆರೆದಿರುತ್ತೆ ಅಂತ ಇಟ್ಟುಕೊಂಡರೂ, 140 ಸಿಸಿ ಆಸುಪಾಸು ಸಾಕು. ಇಂಜೆಕ್ಟರ್ ಚಿಕ್ಕದಾದಷ್ಟೂ ಐಡ್ಲಿಂಗ್‌ನಲ್ಲಿ ಪಲ್ಸ್ ಉದ್ದ, ಡೆಡ್ ಟೈಮ್‌ನ ಕಾಟ ಕಡಿಮೆ. "ಮುಂದೆ ಟರ್ಬೊ ಹಾಕ್ತೀನಿ" ಅಂದ. ಎಲ್ಲರೂ ಹಾಗೇ ಅನ್ನೋದು.

ಗಾಡಿಗೆ ಇಂಜೆಕ್ಟರ್ ಹಾಕಿ ಫ್ಯೂಯಲ್ ಪ್ರೆಶರ್ ನೋಡಿದೆವು. ರೆಗ್ಯುಲೇಟರ್‌ನ ವ್ಯಾಕ್ಯೂಮ್ ಪೈಪ್ ಬಿಚ್ಚಿದಾಗ 3.0 ಬಾರ್, ಐಡ್ಲಿಂಗ್‌ನಲ್ಲಿ ಪೈಪ್ ಹಾಕಿದಾಗ 2.4. ಸರಿಯಾಗಿದೆ. ಆಮೇಲೆ ರಿಕ್ವೈರ್ಡ್ ಫ್ಯೂಯಲ್ ಲೆಕ್ಕ, ಅಂದರೆ ಸಿಲಿಂಡರ್ ಪೂರ್ತಿ ಗಾಳಿ ತುಂಬಿಕೊಂಡರೆ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನೋದು. 270 ಸಿಸಿ ಅಂತ ಹಾಕಿದ್ದಾಗ 7.8 ಮಿಲಿಸೆಕೆಂಡ್ ಇತ್ತು, ನಾಲ್ಕರ ಸರಾಸರಿ 238 ಹಾಕಿದ ಮೇಲೆ 8.8 ಆಯಿತು. ಡೆಡ್ ಟೈಮ್ 0.95. ಹಳೇ ವಿಇ ಟೇಬಲ್ ಪೂರ್ತಿ ಅಳಿಸಿ, ಐಡ್ಲಿಂಗ್ 50, ನಡುವೆ 65, ಮೇಲೆ 85 ಅಂತ ಅಂದಾಜಿನ ನುಣುಪಾದ ಟೇಬಲ್ ಬರೆದೆ. ಎರಡು ದಿನದ ಆಟೊಟ್ಯೂನ್ ಹೋಯಿತಲ್ಲ ಅಂತ ಹುಡುಗನ ಮುಖ ಸಪ್ಪಗಾಯಿತು. ಸ್ಟಾರ್ಟ್ ಮಾಡಿದರೆ ಮೊದಲ ಸಲಕ್ಕೇ ಲ್ಯಾಂಬ್ಡಾ 1.04. ಮುಖ ಸರಿಹೋಯಿತು.

ಡೆಡ್ ಟೈಮ್ ಸರಿಯಿದೆಯಾ ಅಂತ ಗಾಡಿಯಲ್ಲೇ ಪರೀಕ್ಷಿಸುವ ಒಂದು ಉಪಾಯ ಇದೆ. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಜನ್ ಸೆನ್ಸರ್ ತಿದ್ದುಪಡಿಯನ್ನು ಆಫ್ ಮಾಡಿ, ಐಡ್ಲಿಂಗ್‌ನ ಲ್ಯಾಂಬ್ಡಾ ಬರೆದುಕೊಳ್ಳಿ. ಸೈಕಲ್‌ಗೆ ಎರಡು ಸಿಂಪಡಣೆ ಇರೋದನ್ನು ಒಂದಕ್ಕೆ ಇಳಿಸಿ. ಬದಲಾವಣೆ ಸೇವ್ ಮಾಡಿ ಇಗ್ನಿಷನ್ ಆಫ್ ಮಾಡಿ ಆನ್ ಮಾಡಬೇಕು. ಲ್ಯಾಂಬ್ಡಾ ಅಲ್ಲೇ ನಿಂತರೆ ಡೆಡ್ ಟೈಮ್ ಸರಿ. ಲೀನ್ ಕಡೆ ಹೋದರೆ ಹಾಕಿರುವ ಅಂಕಿ ಜಾಸ್ತಿ, ರಿಚ್ ಕಡೆ ಹೋದರೆ ಕಡಿಮೆ. ನಮ್ಮದು 0.01 ಅಲ್ಲಾಡಿತು. ಸಾಕು.

ಫ್ಯಾನ್ ಆನ್ ಆದಾಗ ಐಡ್ಲಿಂಗ್ ಬೀಳುವುದು ಇನ್ನೂ ಇತ್ತು. ಅದೂ ಇದರದ್ದೇ ತಮ್ಮ. ವೋಲ್ಟೇಜ್ ಇಳಿದರೆ ಸೂಜಿ ನಿಧಾನವಾಗಿ ಏಳುತ್ತದೆ, ಡೆಡ್ ಟೈಮ್ ಹೆಚ್ಚುತ್ತದೆ. ಇವನ ವೋಲ್ಟೇಜ್ ತಿದ್ದುಪಡಿ ಟೇಬಲ್‌ನಲ್ಲಿ ಎಲ್ಲ ಕಡೆ ಶೇಕಡಾ 100 ಅಂತ ಇತ್ತು, ಅಂದರೆ ತಿದ್ದುಪಡಿಯೇ ಇಲ್ಲ. ಫ್ಯಾನ್, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿದೆವು. ವೋಲ್ಟೇಜ್ 12.2ಕ್ಕೆ ಬಂತು, ಲ್ಯಾಂಬ್ಡಾ 1.18ಕ್ಕೆ ಏರಿತು, ಎಂಜಿನ್ ಮುಗ್ಗರಿಸಿತು. 12.2ರ ಜಾಗದಲ್ಲಿ ಒಂದೊಂದೇ ಏರಿಸುತ್ತಾ 113ಕ್ಕೆ ಬಂದಾಗ ಲ್ಯಾಂಬ್ಡಾ ಮತ್ತೆ 1ರ ಹತ್ತಿರ ನಿಂತಿತು. ಅಂದರೆ ಅಲ್ಲಿ ಡೆಡ್ ಟೈಮ್ ಸುಮಾರು 1.07. ಇನ್ನೊಂದು ಗಮನಿಸಬೇಕಾದ್ದು: ಆ ತಿದ್ದುಪಡಿ ಪೂರ್ತಿ ಪಲ್ಸ್‌ಗೆ ಅನ್ವಯ ಆಗಬೇಕೋ, ತೆರೆಯುವ ಹೊತ್ತಿಗೆ ಮಾತ್ರವೋ ಅಂತ ಒಂದು ಆಯ್ಕೆ ಇದೆ. ಅದು ತೆರೆಯುವ ಹೊತ್ತಿಗೆ ಮಾತ್ರ ಇರಬೇಕು. ಇವನದು ಪೂರ್ತಿ ಪಲ್ಸ್ ಮೇಲೆ ಇತ್ತು.

ಆಮೇಲೆ ಆಟೊಟ್ಯೂನ್ ಓಡಿಸಿದ್ದು ಬರೀ ನಲವತ್ತು ನಿಮಿಷ, ಅದೇ ಕಡಲೆಕಾಯಿ ಹೊಲದಲ್ಲಿ. ಟೇಬಲ್‌ನ ಯಾವ ಅಂಕಿಯೂ ನಾಲ್ಕೈದಕ್ಕಿಂತ ಜಾಸ್ತಿ ಬದಲಾಗಲಿಲ್ಲ. ಫುಲ್ ಲೋಡ್‌ನಲ್ಲಿ ಗೇಜ್ 12.8, ಲ್ಯಾಪ್‌ಟಾಪ್ 12.8. ಕಟಕಟ ಶಬ್ದ ಇಲ್ಲ. ಸೆನ್ಸರ್ ತಿದ್ದುಪಡಿಗೆ ಇವನು ಪೆಟ್ರೋಲನ್ನು ನೂರಕ್ಕೆ 25 ಭಾಗದವರೆಗೆ ಬದಲಿಸುವ ಅಧಿಕಾರ ಕೊಟ್ಟಿದ್ದ, ಅದನ್ನು 8ಕ್ಕೆ ಇಳಿಸಿದೆ. ಎಂಜಿನ್ 70 ಡಿಗ್ರಿ ದಾಟಿದ ಮೇಲೆ, ಹಗುರ ಲೋಡ್‌ನಲ್ಲಿ ಮಾತ್ರ ಕೆಲಸ ಮಾಡುವ ಹಾಗೆ ಇಟ್ಟೆ. ಫುಲ್ ಲೋಡ್‌ನಲ್ಲಿ ಸೆನ್ಸರ್ ಮಾತು ಕೇಳಿ ಪೆಟ್ರೋಲ್ ಕಡಿಮೆ ಮಾಡುವ ಹಕ್ಕು ಇಸಿಯುಗೆ ಇರಬಾರದು ಅನ್ನೋದು ನನ್ನ ಹಟ. ಬೇರೆಯವರು ಬೇರೆ ಥರ ಮಾಡುತ್ತಾರೆ.

ಹೊಸ ಪ್ಲಗ್ ಹಾಕಿ ಹತ್ತು ಸುತ್ತು ಓಡಿಸಿ ಬಿಚ್ಚಿ ನೋಡಿದೆವು. ನಾಲ್ಕೂ ಒಂದೇ ಬಣ್ಣ, ತಿಳಿ ಕಂದು. ಹುಡುಗ ಮೊಬೈಲಲ್ಲಿ ಫೋಟೊ ತೆಗೆದುಕೊಂಡ.

ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗೋಕೆ ಮಾತ್ರ ಇನ್ನೂ ಮೂರು ನಾಲ್ಕು ಸಲ ಸೆಲ್ಫ್ ಹೊಡೆಯಬೇಕು. ಕೋಲ್ಡ್ ಸ್ಟಾರ್ಟ್ ಟೇಬಲ್ ಮುಟ್ಟಿಲ್ಲ. ಅದಕ್ಕೆ ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು, ದಿನಕ್ಕೆ ಒಂದೇ ಪ್ರಯತ್ನ ಸಿಗೋದು. ಡಿಸೆಂಬರ್ ಚಳಿಯಲ್ಲಿ ಒಂದು ವಾರ ಗಾಡಿ ಶೆಡ್‌ನಲ್ಲೇ ಬಿಡು ಅಂದಿದ್ದೇನೆ.